ಎಂಆರ್‌ಐ ಸ್ಕ್ಯಾನ್‌ನಲ್ಲಿ ಎಕ್ಸ್‌ರೇ ಇಲ್ಲ: ಒಂದು ಸ್ಪಷ್ಟನೆ

"ಒಂದು ಎಂಆರ್‌ಐ ಮಾಡಿಸಿದರೆ ನೂರಾರು ಎಕ್ಸ್‌ರೇ ತೆಗೆಸಿದಷ್ಟು ವಿಕಿರಣ ಮೈಗೆ ಸೇರುತ್ತದೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಮೊನ್ನೆ ನಾನೂ ಅದನ್ನು ಮನೆಯವರ ಗುಂಪಿಗೆ ಕಳಿಸಿದ್ದೆ. ಅದು ತಪ್ಪು.

ಎಂಆರ್‌ಐ ಯಂತ್ರ ಎಕ್ಸ್‌ರೇ ಬಳಸುವುದೇ ಇಲ್ಲ. ಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳ ನೆರವಿನಿಂದ, ನಮ್ಮ ದೇಹದ ನೀರು, ಕೊಬ್ಬಿನಲ್ಲಿರುವ ಜಲಜನಕ ಕೊಡುವ ಸಂಕೇತ ಹಿಡಿದು ಅದು ಚಿತ್ರ ಮೂಡಿಸುತ್ತದೆ. ಎಕ್ಸ್‌ರೇ ಬಳಸುವುದು ಸಿ.ಟಿ. ಸ್ಕ್ಯಾನ್. ಎದೆಯ ಒಂದು ಎಕ್ಸ್‌ರೇಗೆ ಸುಮಾರು 0.1 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಆದರೆ, ಎದೆಯ ಸಿ.ಟಿ.ಗೆ ಸುಮಾರು 6ರಿಂದ 7. ಎಂಆರ್‌ಐ, ಸಿ.ಟಿ. ಎರಡೂ ಒಳಗೆ ಮಲಗಿಸುವ ದುಂಡನೆಯ ಯಂತ್ರಗಳು. ಗೊಂದಲ ಹುಟ್ಟಿದ್ದು ಬಹುಶಃ ಅಲ್ಲೇ. ಹಾಗೆಂದು ವೈದ್ಯರು ಬೇಕೆಂದ ಸಿ.ಟಿ.ಗೂ ಹಿಂಜರಿಯಬೇಡಿ. ತಲೆಗೆ ಪೆಟ್ಟು ಬಿದ್ದಾಗ ಒಳಗಿನ ರಕ್ತಸ್ರಾವವನ್ನು ಕೆಲವೇ ನಿಮಿಷಗಳಲ್ಲಿ ತೋರಿಸುವುದು ಅದೇ.

ಎಂಆರ್‌ಐನಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಲೋಹದ ಬಗ್ಗೆ. 2018ರಲ್ಲಿ ಮುಂಬೈನಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಆ ಕೋಣೆಗೆ ಹೋದ ಯುವಕನೊಬ್ಬ ಅಯಸ್ಕಾಂತದ ಸೆಳೆತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡ. ಪೇಸ್‌ಮೇಕರ್, ಕಿವಿಯ ಇಂಪ್ಲಾಂಟ್, ಹಳೆಯ ಶಸ್ತ್ರಚಿಕಿತ್ಸೆಯ ಕ್ಲಿಪ್ ಇದ್ದರೆ ಸಿಬ್ಬಂದಿಗೆ ಮೊದಲೇ ತಿಳಿಸಿ.

ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಅದನ್ನು ನಂಬಿ ಸ್ಕ್ಯಾನ್ ಮುಂದೂಡಿದವರು ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಫೋನ್ ಮಾಡಿ ಹೇಳಿ.