ಫೋಟೊ ತೆಗೆದು ಬಂದರೆ ಫಾರ್ಮ್ ಖಾಲಿ

ಆ್ಯಪ್ ಮಾಡುವ ಗೆಳೆಯರೇ, ನಿಮ್ಮ ಕೈಯಲ್ಲಿ 8 ಜಿಬಿ, 12 ಜಿಬಿ ರ‍್ಯಾಮ್ ಇರುವ ಫೋನ್ ಇರಬಹುದು. ನಮ್ಮ ಕೊಡಗಿನ ತೋಟಗಳಲ್ಲಿ 2 ಜಿಬಿ, 3 ಜಿಬಿ ಫೋನುಗಳು ಇನ್ನೂ ದುಡಿಯುತ್ತಿವೆ. ಅವುಗಳ ಪರವಾಗಿ ಈ ಮಾತು.

ಮೊನ್ನೆ ನಾಪೋಕ್ಲು ಕಡೆ ನೆಂಟರ ಮನೆಗೆ ಹೋಗಿದ್ದೆ. ಮಳೆಗೆ ಕಾಫಿ ಕಾಯಿ ಉದುರಿತ್ತು. ಮಾವ ಬೆಳೆ ನಷ್ಟದ ವಿವರ ತುಂಬಲು ಕೂತರು. ಸರ್ವೆ ನಂಬರ್, ರೊಬಸ್ಟಾ ಎಷ್ಟು ಎಕರೆ, ಕರಿಮೆಣಸು ಎಷ್ಟು, ಬ್ಯಾಂಕ್ ಖಾತೆ, ಎಲ್ಲವನ್ನೂ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಕೊನೆಗೆ ಫೋಟೊ. ಗಿಡದ ಬುಡದಲ್ಲಿ ಕಪ್ಪಾಗಿ ಬಿದ್ದ ಕಾಯಿಗಳ ಫೋಟೊ ತೆಗೆದು ‘ಸರಿ’ ಒತ್ತಿದರೆ ಬಂದದ್ದು ಆ್ಯಪ್‌ನ ಮೊದಲ ಪುಟ. ಫಾರ್ಮ್ ಇಲ್ಲ. ಮತ್ತೆ ಓಟಿಪಿ ಕೇಳುತ್ತಿದೆ. ಓಟಿಪಿ ಬರಬೇಕಾದರೆ ಸಿಗ್ನಲ್ ಸಿಗುವ ಗೇಟಿನ ತನಕ ನಡೆಯಬೇಕು.

“ನಾನೇ ಏನೋ ತಪ್ಪು ಒತ್ತಿದೆ ಅನ್ಸುತ್ತೆ” ಅಂದರು. ಇಲ್ಲ ಮಾವ, ತಪ್ಪು ನಿಮ್ಮದಲ್ಲ. ಫೋನಿನದೂ ಅಲ್ಲ.

ಕ್ಯಾಮೆರಾಕ್ಕೆ ಮೆಮೊರಿ ಜಾಸ್ತಿ ಬೇಕು. ಜಾಗ ಸಾಲದಿದ್ದರೆ ಆಂಡ್ರಾಯ್ಡ್ ಯಾವುದಾದರೂ ಆ್ಯಪ್ ಮುಚ್ಚಲೇಬೇಕು. ಅದಕ್ಕೆ ಒಂದು ಅಂಕದ ಲೆಕ್ಕ ಇದೆ. ಪರದೆಯ ಮೇಲಿರುವ ಆ್ಯಪ್‌ಗೆ 0, ಈಗಷ್ಟೇ ಬಿಟ್ಟು ಬಂದದ್ದಕ್ಕೆ 700, ಹಿಂದೆ ಸುಮ್ನೆ ಕೂತವಕ್ಕೆ 900ರ ಮೇಲೆ. ಜಾಸ್ತಿ ಅಂಕ ಇದ್ದದ್ದು ಮೊದಲು ಹೋಗುತ್ತದೆ. ಸಣ್ಣ ಫೋನಿನಲ್ಲಿ ಆ 900ರವೆಲ್ಲ ಬೇಗ ಖಾಲಿ, ಆಮೇಲೆ ಸರದಿ ನಮ್ಮ ಫಾರ್ಮಿನದು. ಐಫೋನಿನಲ್ಲೂ ಹೀಗೆ ಮುಚ್ಚುವ ವ್ಯವಸ್ಥೆ ಇದೆ.

ಮುಚ್ಚುವ ಹೊತ್ತಿಗೆ ಆ್ಯಪ್‌ಗೆ ಯಾವ ಸೂಚನೆಯೂ ಬರುವುದಿಲ್ಲ. ಆದರೆ ಪರದೆ ಬಿಟ್ಟು ಹಿಂದೆ ಸರಿಯುವಾಗ ಬರುತ್ತದೆ, ಅಲ್ವಾ? ಉಳಿಸಿಕೊಳ್ಳಲು ಆಂಡ್ರಾಯ್ಡ್ ಕೊಟ್ಟಿರುವ ಅವಕಾಶವೇ ಅದು. ವ್ಯೂಮಾಡೆಲ್‌ನಲ್ಲಿಟ್ಟರೆ (ಪರದೆಯ ಮಾಹಿತಿಯನ್ನು ಮೆಮೊರಿಯಲ್ಲಿ ಹಿಡಿದಿಡುವ ಭಾಗ) ಸಾಲದು, ಪ್ರೊಸೆಸ್ (ಓಡುತ್ತಿರುವ ಆ್ಯಪ್) ಸತ್ತರೆ ಅದೂ ಹೋಗುತ್ತದೆ. ಉದ್ದದ ಫಾರ್ಮ್ ಆದರೆ ಒಂದೊಂದು ಖಾನೆ ತುಂಬಿದ ಹಾಗೆ ಫೋನಿನ ಡೇಟಾಬೇಸ್‌ಗೆ ಬರೆಯಿರಿ. ಕ್ಯಾಮೆರಾ ತೆರೆಯುವ ಮೊದಲು ಫೋಟೊ ಎಲ್ಲಿ ಉಳಿಯುತ್ತದೆ ಅನ್ನುವುದನ್ನೂ ಬರೆದಿಡಿ.

ಪರೀಕ್ಷೆಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಸರಿಸಿ ನೋಡಿದರೆ ಫಾರ್ಮ್ ಉಳಿಯುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಹಾಗೆ ಸರಿಸಿದರೆ ಉಳಿಸಿಟ್ಟ ಸ್ಥಿತಿಯನ್ನೂ ಆಂಡ್ರಾಯ್ಡ್ ಎಸೆದುಬಿಡುತ್ತದೆ. ಹೋಮ್ ಒತ್ತಿ, ಎಡಿಬಿಯಿಂದ (ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಸಾಧನ) ಪ್ರೊಸೆಸ್ ಕೊಂದು, ಅದೇ ಪಟ್ಟಿಯಿಂದ ಮರಳಿ ಬನ್ನಿ. ಆಗ ಬಣ್ಣ ಬಯಲಾಗುತ್ತದೆ.

ಬಳಸುವವರಿಗೂ ಒಂದು ಮಾತು. ‘ಮೆಮೊರಿ ಕ್ಲೀನರ್’ ಆ್ಯಪ್ ಹಾಕಿಕೊಳ್ಳಬೇಡಿ. ಅದೂ ಮೆಮೊರಿ ತಿನ್ನುತ್ತದೆ, ಅದು ಮುಚ್ಚಿದ ಆ್ಯಪ್‌ಗಳು ಮೊದಲಿನಿಂದ ಶುರುವಾಗಬೇಕಾಗಿ ಬ್ಯಾಟರಿಯೂ ಹೋಗುತ್ತದೆ. ಅದರ ಬದಲು ಫೋಟೊ ಮೊದಲೇ ತೆಗೆದಿಟ್ಟುಕೊಳ್ಳಿ. ಗ್ಯಾಲರಿಯಿಂದ ಹಾಕಲು ಬಿಡುವ ಆ್ಯಪ್ ಆದರೆ ಕೆಲಸ ಸುಲಭ.

ಜನರ ಅರ್ಜಿಗಾಗಿ ಆ್ಯಪ್ ಮಾಡಿಸುವ ಇಲಾಖೆಗಳು ಟೆಂಡರ್‌ನಲ್ಲೇ ಒಂದು ಸಾಲು ಸೇರಿಸಲಿ: 2 ಜಿಬಿ ಫೋನಿನಲ್ಲಿ ಫಾರ್ಮ್ ತುಂಬಿ, ಫೋಟೊ ತೆಗೆದು, ಮರಳಿ ಬಂದಾಗ ಎಲ್ಲ ಖಾನೆಯೂ ಹಾಗೇ ಇದ್ದರೆ ಮಾತ್ರ ಬಿಲ್ ಪಾಸ್.