ಯಾರು ನುಡಿಸಿದ್ದು ಅಂತ ಬರೆದಿದೆಯಾ, ಮೊದಲು ಅದನ್ನು ನೋಡಿ

ಮೊನ್ನೆ ತಂಗಿಯ ಮಗಳು ನೀರ್ಚಾಲಿನ ನಮ್ಮ ಮನೆಗೆ ಬಂದಿದ್ದಳು. ಮಂಗಳೂರಿನಲ್ಲಿ ಪಿಯಾನೊ ಕಲಿಯುತ್ತಾಳೆ. ಕಪಾಟಿನಲ್ಲಿದ್ದ ನನ್ನ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಿಡಿಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಕೂತಳು. "ಮಾವ, ಇದೆಲ್ಲ ಅಗ್ಗದ್ದು ಅಲ್ವಾ? ಇಂಥದ್ದನ್ನು ಕೇಳಿದರೆ ಕಿವಿ ಕೆಡುತ್ತದೆ ಅಂತ ಕ್ಲಾಸಿನಲ್ಲಿ ಹೇಳ್ತಾರೆ" ಅಂದಳು.

ಅವಳ ಮೇಲೆ ಸಿಟ್ಟಿಲ್ಲ. ಆದರೆ ಆ ಮಾತು ಎರಡು ದಿನದಿಂದ ತಲೆಯಲ್ಲೇ ಕೂತಿದೆ.

ಆ ಸಿಡಿಗಳಲ್ಲಿ ಮುಕ್ಕಾಲು ಪಾಲು ನ್ಯಾಕ್ಸೋಸ್ ಎಂಬ ಕಂಪೆನಿಯವು. ಆಗ ಮಂಗಳೂರಿಗೆ ಹೋದಾಗಲೆಲ್ಲ ಒಂದೊಂದು ತರುತ್ತಿದ್ದೆ. ದೊಡ್ಡ ಕಂಪೆನಿಯ ಒಂದು ಸಿಡಿಯ ದುಡ್ಡಿಗೆ ಇವು ಎರಡು ಬರುತ್ತಿದ್ದವು, ಕೆಲವು ಸಲ ಮೂರು. ಇಷ್ಟು ಅಗ್ಗ ಯಾಕೆ? ಕ್ಲಾವ್ಸ್ ಹೈಮನ್ ಎಂಬವರು 1987ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಈ ಕಂಪೆನಿ ಶುರುಮಾಡಿದರು. ಪೂರ್ವ ಯುರೋಪಿನ ಕಲಾವಿದರನ್ನು ಹುಡುಕಿ, ಗೌರವಧನವನ್ನು ಒಂದೇ ಸಲ ಕೊಟ್ಟು, ರಾಯಲ್ಟಿ ಇಲ್ಲದೆ ರೆಕಾರ್ಡ್ ಮಾಡಿದರು. ಅಗ್ಗವಾದದ್ದು ಇಂಥ ಲೆಕ್ಕಾಚಾರದಿಂದ. ನುಡಿಸಿದವರ ಕೈಯಲ್ಲಿ ಕೊರತೆ ಇತ್ತು ಅಂತ ಅಲ್ಲ.

ನ್ಯಾಕ್ಸೋಸ್‌ಗೆ ನುಡಿಸಿದ ಪಿಯಾನೊ ವಾದಕ ಯೆನೋ ಯಾಂಡೋ ಅವರನ್ನೇ ತೆಗೆದುಕೊಳ್ಳಿ. ಹಂಗೇರಿಯವರು, 1952ರಲ್ಲಿ ಹುಟ್ಟಿದವರು. ಬುಡಾಪೆಸ್ಟಿನ ಲಿಸ್ಟ್ ಅಕಾಡೆಮಿಯಲ್ಲಿ ಕಲಿತು ಅಲ್ಲೇ ಕಲಿಸಿದವರು. ಬೀಥೋವನ್ ಪಿಯಾನೊಗೆ ಬರೆದ ಸೊನಾಟಾ ಎಂಬ ದೊಡ್ಡ ಕೃತಿಗಳು 32, ಅಷ್ಟನ್ನೂ ನುಡಿಸಿ ಕೊಟ್ಟಿದ್ದಾರೆ. ಹೈಡನ್ ಸೊನಾಟಾಗಳು, ವಾದ್ಯವೃಂದದ ಜೊತೆ ನುಡಿಸುವ ಮೊಜಾರ್ಟ್ ಕಾನ್ಸರ್ಟೊಗಳು ಬೇರೆ. 2023ರಲ್ಲಿ ತೀರಿಕೊಂಡರು. ನಮ್ಮಂಥ ಊರುಗಳಲ್ಲಿ ಕೂತವರಿಗೆ ಬೀಥೋವನ್‌ನ ಪರಿಚಯ ಮಾಡಿಸಿದ್ದು ಇವರ ಬೆರಳುಗಳು. ನಾನು ಅದನ್ನು ಮರೆಯಲಾರೆ.

ಹುಡುಗಿಗೆ ಯಾಂಡೋ ನುಡಿಸಿದ ಬೀಥೋವನ್‌ನ 'ಪಥೆಟಿಕ್' ಸೊನಾಟಾದ ಎರಡನೇ ಭಾಗ ಹಾಕಿದೆ. ನಿಧಾನದ್ದು. ಅದರ ಶುರುವಿನಲ್ಲಿ ಬಲಗೈಗೆ ಎರಡು ಕೆಲಸ. ಹಾಡು ಇರುವುದು ಕಿರುಬೆರಳಿನ ಕಡೆ. ಅದರ ಅಡಿಯಲ್ಲಿ ಒಂದೇ ಸಮನೆ ತೂಗುವ ಸಣ್ಣ ಸ್ವರಗಳು, ಅವು ಅದೇ ಕೈಯ ಹೆಬ್ಬೆರಳಿನ ಕಡೆ. ಹೆಬ್ಬೆರಳು ದಪ್ಪ, ಬಲ ಜಾಸ್ತಿ. ಸ್ವಲ್ಪ ಮೈಮರೆತರೆ ಹಾಡನ್ನೇ ನುಂಗಿಬಿಡುತ್ತದೆ. ಯಾಂಡೋ ಕೈಯಲ್ಲಿ ಹಾಡು ಹಾಡಾಗಿ ನಿಲ್ಲುತ್ತದೆ, ತೂಗು ತೂಗಾಗಿ ಕೇಳುತ್ತದೆ. ಯಾವುದೇ ಪಿಯಾನೊ ರೆಕಾರ್ಡಿಂಗ್ ಬರಲಿ, ನಾನು ಮೊದಲು ಪರೀಕ್ಷೆ ಮಾಡುವುದು ಹೀಗೆ. ಶುರುವಿನ ಆ ಎಂಟು ಬಾರ್, ಅಂದರೆ ಎಂಟು ತಾಳದ ಆವರ್ತ, ಸಾಕು.

ನಮ್ಮಪ್ಪ ಅಡಿಕೆ ನೋಡುತ್ತಿದ್ದದ್ದೂ ಹಾಗೇ. ಹೊರಗಿನಿಂದ ಎಷ್ಟೇ ಚಂದ ಕಂಡರೂ ರಾಶಿಯಿಂದ ಒಂದನ್ನು ಎತ್ತಿ ಕತ್ತರಿಸಿ ಒಳಗಿನ ಬಣ್ಣ ನೋಡುವವರು.

ಹಾಗಂತ ಎಲ್ಲವೂ ಚಿನ್ನ ಅನ್ನುವುದಿಲ್ಲ. ಬೀಥೋವನ್‌ನ ಕೊನೆಯ ಸೊನಾಟಾದಲ್ಲಿ ಯಾಂಡೋ ನನಗೆ ಸಾಲುವುದಿಲ್ಲ, ಇನ್ನೂ ಸ್ವಲ್ಪ ಕಾಯಬೇಕಿತ್ತು ಅನ್ನಿಸುತ್ತದೆ. ಆರಂಭದ ಕೆಲವು ಸಿಡಿಗಳಲ್ಲಿ ಮೇಲಿನ ಸ್ವರಗಳು ಗಾಜಿನ ಹಾಗೆ ಗಡಸು. ಅಂಥ ಕಡೆ ಇನ್ನೊಬ್ಬ ಪಿಯಾನೊ ವಾದಕ ಬ್ರೆಂಡೆಲ್ ಅವರ ಸಿಡಿ ಹಾಕುತ್ತೇನೆ. ಅವರೂ ಹೆಸರು ಬರುವ ಮೊದಲು ಅಮೆರಿಕದ ವಾಕ್ಸ್ ಎಂಬ ಅಗ್ಗದ ರೆಕಾರ್ಡ್ ಕಂಪೆನಿಗೇ ಬೀಥೋವನ್ ನುಡಿಸಿದ್ದವರು! ಶೊಪೆನ್ ಬರೆದ ಪಿಯಾನೊ ಕೃತಿಗಳಿಗೆ ಟರ್ಕಿಯ ಇದಿಲ್ ಬಿರೆಟ್ ಇದ್ದಾರೆ, ಹೆಸರಾಂತ ಪಿಯಾನೊ ವಾದಕರಾದ ಕೊರ್ಟೊ ಮತ್ತು ಕೆಂಪ್ಫ್ ಅವರ ಶಿಷ್ಯೆ. ಅವರದ್ದೂ ನ್ಯಾಕ್ಸೋಸೇ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಥರದ ಸಿಡಿಗಳ ಮೇಲೆ. ಒಮ್ಮೆ ಒಂದು ದೊಡ್ಡ ಅಂಗಡಿಯಲ್ಲಿ ಸುಮ್ನೆ ಕಣ್ಣಿಗೆ ಬಿತ್ತು ಅಂತ 'ಪಿಯಾನೊ ಮಧುರ ಗೀತೆಗಳು' ನಮೂನೆಯ ಒಂದು ಡಬ್ಬಿ ತಂದೆ. ಹಿಂದೆ ಮುಂದೆ ತಿರುಗಿಸಿ ನೋಡಿದರೆ ನುಡಿಸಿದವರ ಹೆಸರೇ ಇಲ್ಲ. ಊರಿಲ್ಲ, ವರ್ಷವಿಲ್ಲ. ಹೂವಿನ ಚಿತ್ರ ಮಾತ್ರ. ಯಕ್ಷಗಾನದ ಕ್ಯಾಸೆಟ್ಟನ್ನು ಭಾಗವತರ ಹೆಸರಿಲ್ಲದೆ ಮಾರಿದರೆ ಕುಂಬಳೆ ಸೀಮೆಯಲ್ಲಿ ಯಾರಾದರೂ ಕೊಳ್ಳುತ್ತಾರಾ? ಕಲಾವಿದರ ಹೆಸರು ಅಳಿಸುವುದು ಕಳ್ಳತನಕ್ಕೆ ಸಮ.

ಹೆಸರಿದ್ದರೂ ಮೋಸ ಆದದ್ದುಂಟು. ಇಂಗ್ಲೆಂಡಿನ ಜಾಯ್ಸ್ ಹ್ಯಾಟೊ ಎಂಬ ಪಿಯಾನೊ ವಾದಕಿಯ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಸಿಡಿಗಳು ಬಂದವು. ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. ಕಾಯಿಲೆಯ ನಡುವೆಯೂ ನುಡಿಸಿದರು ಎಂಬ ಕಥೆಯೂ ಜೊತೆಗಿತ್ತು. 2006ರಲ್ಲಿ ಆಕೆ ತೀರಿಕೊಂಡರು. ಮರುವರ್ಷ ಯಾರೋ ಒಂದು ಸಿಡಿಯನ್ನು ಕಂಪ್ಯೂಟರಿಗೆ ಹಾಕಿದಾಗ ಅದು ಲಾಸ್ಲೊ ಸಿಮೊನ್ ಎಂಬ ಬೇರೊಬ್ಬ ಪಿಯಾನೊ ವಾದಕರ ಹೆಸರು ತೋರಿಸಿತು. ಹ್ಯಾಟೊ ಅವರ ಗಂಡ ಬೇರೆಯವರ ರೆಕಾರ್ಡಿಂಗ್‌ಗಳನ್ನು ಹೆಂಡತಿಯ ಹೆಸರಿನಲ್ಲಿ ಹೊರತಂದಿದ್ದರು. ಅದೇ ನುಡಿಸಾಣಿಕೆ ಸಿಮೊನ್ ಹೆಸರಿನಲ್ಲಿ ಇದ್ದಾಗ ಅಷ್ಟು ಹೊಗಳಿಕೆ ಯಾಕೆ ಸಿಗಲಿಲ್ಲ? ಅವತ್ತು ಕೆಲವರು ಕಥೆಯನ್ನು ಕೇಳಿದರು, ಪಿಯಾನೊ ಕೇಳಲಿಲ್ಲ. ರೇಟು ನೋಡಿ ತಳ್ಳಿಹಾಕುವವರು ಮಾಡುವುದೂ ಅದೇ ತಪ್ಪು.

ತಂಗಿ ಮಗಳು ಆ ನಿಧಾನದ ಭಾಗವನ್ನು ಮೂರು ಸಲ ಹಾಕಿಸಿಕೊಂಡಳು. ಮೂರನೇ ಸಲ ಅವಳ ಬಲಗೈ ಬೆರಳುಗಳು ಮೊಣಕಾಲಿನ ಮೇಲೆ ಆಡುತ್ತಿದ್ದವು. ಸಂಜೆ ರೈಲಿಗೆ ಹೊರಟಾಗ ಸಿಡಿ ಅವಳ ಬ್ಯಾಗಿನಲ್ಲಿತ್ತು. ಯಾರದ್ದು ಅಂತ ಹೇಳದೆ ಕ್ಲಾಸಿನಲ್ಲಿ ಕೇಳಿಸು, ಆಮೇಲೆ ಡಬ್ಬಿ ತೋರಿಸು ಅಂದಿದ್ದೇನೆ. ಏನಂದರು ಅಂತ ಗೊತ್ತಾದ ಮೇಲೆ ಇಲ್ಲೇ ಬರೆಯುತ್ತೇನೆ.