ಬೂದಿಯ ದಪ್ಪವೊಂದೇ ಸಾಲದು

ಜ್ವಾಲಾಮುಖಿಯ ಹಳೆಯ ಸ್ಫೋಟ ಎಷ್ಟು ದೊಡ್ಡದೆಂದು ಬೂದಿಪದರದ ದಪ್ಪದಿಂದ ಅಳೆಯುತ್ತಾರೆ ಎಂದು ಜ್ವಾಲಾಮುಖಿಗಳ ಕುರಿತ ಲೇಖನವೊಂದರಲ್ಲಿ ಓದಿದೆ. ಸರಿ, ಆದರೆ ಅರ್ಧ ಮಾತ್ರ. ಆಂಧ್ರದ ಜ್ವಾಲಾಪುರಂನಲ್ಲಿ ಸುಮಾರು 74,000 ವರ್ಷಗಳ ಹಿಂದೆ ಇಂಡೊನೇಷ್ಯಾದ ಸುಮಾತ್ರಾ ದ್ವೀಪದಲ್ಲಿ ಸಿಡಿದ ಟೋಬಾ ಜ್ವಾಲಾಮುಖಿಯ ಬೂದಿ ಎರಡು ಮೀಟರಿಗೂ ಮಿಕ್ಕಿ ದಪ್ಪವಿದೆ. ಸುಮಾತ್ರಾದಿಂದ 2,500 ಕಿ.ಮೀ.ಗೂ ದೂರದಲ್ಲಿ ಅಷ್ಟೂ ಆಕಾಶದಿಂದ ಬಿದ್ದದ್ದಲ್ಲ! ಬಿದ್ದದ್ದು ಕೆಲವೇ ಸೆಂಟಿಮೀಟರ್. ಉಳಿದದ್ದನ್ನು ನೀರು ಸುತ್ತಲಿನ ಇಳಿಜಾರುಗಳಿಂದ ತೊಳೆದು ತಂದು ತಗ್ಗಿಗೆ ತುಂಬಿದೆ. ಇವೆರಡನ್ನು ಬೇರ್ಪಡಿಸದೆ ಲೆಕ್ಕ ಹಾಕಿದರೆ ಸ್ಫೋಟದ ಗಾತ್ರವೇ ತಪ್ಪುತ್ತದೆ. ಬೂದಿಯೊಳಗಿನ ಗಾಜಿನ ಚೂರುಗಳ ರಾಸಾಯನಿಕ ಗುಣ ನೋಡಿ ಅದು ಯಾವ ಜ್ವಾಲಾಮುಖಿಯದೆಂದು ಗುರುತಿಸುವ ವಿಷಯವನ್ನೂ ಲೇಖನದಲ್ಲಿ ಸೇರಿಸಬೇಕಿತ್ತು.

ಇನ್ನು, ನಮ್ಮ ಕಲಬುರಗಿಯ ಕರಿಕಲ್ಲೂ ಇಂಥ ಸ್ಫೋಟದ್ದೇ ಎಂದು ಆ ಲೇಖನಕ್ಕೆ ಪ್ರತಿಕ್ರಿಯಿಸಿದ ಒಬ್ಬರು ಬರೆದಿದ್ದಾರೆ. ಅಲ್ಲ ಸರ್. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ. ಆಳಂದದ ಕಡೆಯ ಹಳೆಯ ತೆರೆದ ಬಾವಿಗಳಲ್ಲಿ ಇಣುಕಿ ನೋಡಿ: ಕಲ್ಲಿನಲ್ಲಿ ಅನಿಲದ ಗುಳ್ಳೆಗಳು ಬಿಟ್ಟುಹೋದ ರಂಧ್ರಗಳು, ಅವುಗಳೊಳಗೆ ಬಿಳಿ ಹರಳು, ಕೆಲವೆಡೆ ಎರಡು ಹರಿವುಗಳ ನಡುವೆ ಕೆಂಪು ಮಣ್ಣಿನ ಪಟ್ಟಿ. ಒಂದು ಹರಿವು ತಣಿದು, ಇನ್ನೊಂದು ಬರುವ ಮುನ್ನ ದೀರ್ಘ ಬಿಡುವಿತ್ತು ಎಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ. ಬಾವಿ ಮುಚ್ಚಿಸುವವರು ಅದಕ್ಕೂ ಮೊದಲು ದಯವಿಟ್ಟು ಒಂದು ಫೋಟೊ ತೆಗೆದಿಡಿ.